ಸೋತರೂ ಮುಂದಿನ ಸುತ್ತು!

ಮಾನ್ಯರೇ,

ಕ್ಲಬ್ ಫುಟ್‌ಬಾಲ್ ಸಪ್ಪೆಯಾಗಿದೆ, ದೇಶ–ದೇಶಗಳ ನಡುವಿನ ಆಟದ ರೋಚಕತೆ ಅದರಲ್ಲಿಲ್ಲ ಎಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಅರ್ಧ ನಿಜ. ಆದರೆ ದೂರಬೇಕಾದದ್ದು ಕ್ಲಬ್ಬುಗಳ ಆಟವನ್ನಲ್ಲ, ಟೂರ್ನಿಗಳ ಲೆಕ್ಕಾಚಾರವನ್ನು.

ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗನ್ನೇ ತೆಗೆದುಕೊಳ್ಳಿ. 2023–24ರವರೆಗೆ ಗುಂಪು ಹಂತದಲ್ಲಿ 32 ತಂಡ, 96 ಪಂದ್ಯ. ಅಷ್ಟರಲ್ಲಿ 16 ತಂಡಗಳು ಉದುರುತ್ತಿದ್ದವು. 2024–25ರಿಂದ 36 ತಂಡಗಳಿಗೆ ಒಂದೇ ಅಂಕಪಟ್ಟಿ, ತಂಡಕ್ಕೆ 8 ಪಂದ್ಯದಂತೆ ಒಟ್ಟು 144. ಉದುರುವುದು ಬರೀ 12. ಮೊದಲ ಎಂಟು ತಂಡ ನೇರ 16ರ ಘಟ್ಟಕ್ಕೆ, 9ರಿಂದ 24ರವರೆಗಿನವು ಅದೇ ಘಟ್ಟ ಸೇರಲು ಇನ್ನೊಂದು ಅವಕಾಶವಾದ ಪ್ಲೇ ಆಫ್‌ಗೆ. 2025ರ ಜನವರಿ 29ರಂದು ಕೊನೆಯ ಸುತ್ತಿನ 18 ಪಂದ್ಯಗಳನ್ನೂ ಒಂದೇ ಹೊತ್ತಿಗೆ ಆಡಿಸಿದರು. ಮ್ಯಾಂಚೆಸ್ಟರ್ ಸಿಟಿ ಗೆಲ್ಲದಿದ್ದರೆ ಹೊರಗೆ; ವಿರಾಮದ ಹೊತ್ತಿಗೆ ಎದುರಾಳಿ ಕ್ಲಬ್ ಬ್ರೂಗ್ 1–0 ಮುಂದಿತ್ತು. ಸಿಟಿ 3–1ರಿಂದ ಗೆದ್ದು 22ನೇ ಸ್ಥಾನಕ್ಕೆ ಬಂತು. ಸೋತ ಬ್ರೂಗ್‌ಗೆ 24ನೇ ಸ್ಥಾನ, ಅದಕ್ಕೂ ಪ್ಲೇ ಆಫ್! ನಮ್ಮಲ್ಲಿ ರಾತ್ರಿ ಒಂದೂವರೆಗೆ ಎದ್ದು ಟಿ.ವಿ. ಹಾಕಿದವರು ಯಾರ ಸೋಲಿಗೆ ಮರುಗಬೇಕಿತ್ತೋ?

ಅದಕ್ಕೆ ಒಂದು ವಾರ ಮುಂಚೆ ಪ್ಯಾರಿಸ್‌ನಲ್ಲಿ ಇದೇ ಸಿಟಿ ವಿರುದ್ಧ ಅಲ್ಲಿನ ಕ್ಲಬ್ ಪಿಎಸ್‌ಜಿ 0–2 ಹಿಂದಿದ್ದು 4–2ರಿಂದ ಗೆದ್ದ ಪಂದ್ಯ ಆ ಋತುವಿನ ಅತ್ಯುತ್ತಮ ಪಂದ್ಯಗಳಲ್ಲೊಂದು. ಕಾರಣ ಸರಳ: ಹೊರಬೀಳುವ ಭಯ ಎರಡೂ ತಂಡಗಳಿಗಿತ್ತು. ಕೊನೆಗೆ ಲೀಗ್ ಹಂತದಲ್ಲಿ 15ನೇ ಸ್ಥಾನದಲ್ಲಿದ್ದ ಪಿಎಸ್‌ಜಿಯೇ ಕಪ್ ಎತ್ತಿತು.

ಆಟದ ಮಟ್ಟ ನೋಡಿದರೆ ದೇಶದ ತಂಡಗಳು ಕ್ಲಬ್ಬುಗಳಿಗಿಂತ ಒಂದು ಕೈ ಕೆಳಗೇ. ಪ್ರೆಸಿಂಗ್, ಅಂದರೆ ಒಟ್ಟಾಗಿ ಮುಗಿಬಿದ್ದು ಎದುರಾಳಿಯಿಂದ ಚೆಂಡು ಕಸಿಯುವುದು, ದಿನನಿತ್ಯದ ತಾಲೀಮಿನಿಂದ ಮಾತ್ರ ಕೂಡಿಬರುವಂಥದ್ದು. ಎದುರಾಳಿ ಡಿಫೆಂಡರ್ ಚೆಂಡು ಪಡೆದ ಕ್ಷಣ ಮುಂದಿನ ಮೂವರು ಒಟ್ಟಿಗೆ ನುಗ್ಗಬೇಕು, ಹಿಂದಿನ ಸಾಲು ಅದೇ ಹೊತ್ತಿಗೆ ಹತ್ತು ಮೀಟರ್ ಮೇಲೆ ಬರಬೇಕು. ಒಬ್ಬ ತಡಮಾಡಿದರೂ ನಡುವೆ ಬಾಗಿಲು ತೆರೆದಂತೆಯೇ. ದೇಶದ ಕೋಚ್‌ಗೆ ಪಂದ್ಯಕ್ಕೆ ಮೊದಲು ಸಿಗುವುದು ಎರಡು ಮೂರು ತಾಲೀಮು. ಜೊತೆಗೆ, ಇಲ್ಲದ ಆಟಗಾರನನ್ನು ಕೊಂಡು ತರುವಂತಿಲ್ಲ. 2024ರ ಯುರೋ ಕಪ್‌ನಲ್ಲಿ ಲ್ಯೂಕ್ ಶಾ ಪೂರ್ತಿ ಚೇತರಿಸಿಕೊಳ್ಳದ ಕಾರಣ ಇಂಗ್ಲೆಂಡ್ ಬಲಗಾಲಿನ ಕೀರನ್ ಟ್ರಿಪಿಯರ್ ಅವರನ್ನು ಎಡ ಫುಲ್‌ಬ್ಯಾಕ್ (ಎಡ ಅಂಚಿನ ರಕ್ಷಣಾ ಆಟಗಾರ) ಮಾಡಿತು. ಗೆರೆಯಂಚಿನಲ್ಲಿ ಓಡಿ ಎಡಗಾಲಲ್ಲಿ ಗೋಲಿನ ಮುಂದಕ್ಕೆ ಚೆಂಡು (ಕ್ರಾಸ್) ಹಾಕಬೇಕಾದಲ್ಲಿ ಅವರು ಚೆಂಡನ್ನು ಬಲಗಾಲಿಗೆ ತಂದುಕೊಳ್ಳಲು ಒಳಕ್ಕೆ ತಿರುಗುತ್ತಿದ್ದರು. ಅಷ್ಟರಲ್ಲಿ ಎದುರಾಳಿಗಳು ಕೋಟೆ ಕಟ್ಟಿಕೊಂಡು ನಿಂತಿರುತ್ತಿದ್ದರು. ಇಂಥ ಹುಳುಕುಗಳೇ ದೇಶಗಳ ಆಟವನ್ನು ಊಹೆಗೆ ನಿಲುಕದಂತೆ ಮಾಡುವುದು. ಶ್ರೀಮಂತ ಕ್ಲಬ್ ಆಗಿದ್ದರೆ ಆಟಗಾರರ ಖರೀದಿ ನಡೆಯುವ ಜನವರಿಯಲ್ಲೇ ಒಬ್ಬನನ್ನು ಕೊಂಡು ಹುಳುಕು ಮುಚ್ಚುತ್ತಿತ್ತು.

2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾಗೆ 1–2ರಿಂದ ಸೋತ ಅರ್ಜೆಂಟೀನಾ, ಮೆಕ್ಸಿಕೊಗೂ ಸೋತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಪಂದ್ಯದಲ್ಲಿ ಮೆಸ್ಸಿ ಗೋಲು ಹೊಡೆಯುವವರೆಗೆ ಉಸಿರು ಬಿಗಿಹಿಡಿಸಿದ್ದು ಅದೇ. 2026ರ ವಿಶ್ವಕಪ್‌ನಿಂದ ಬಂದ 48 ತಂಡಗಳ ಹೊಸ ಮಾದರಿಯಲ್ಲಿ ಹಾಗಿಲ್ಲ. 12 ಗುಂಪುಗಳ ಮೊದಲೆರಡು ತಂಡಗಳ ಜೊತೆಗೆ, ಮೂರನೇ ಸ್ಥಾನದ ಎಂಟು ತಂಡಗಳೂ ಮುಂದೆ ಹೋಗುತ್ತವೆ. ಎರಡು ಸೋತು ಒಂದು ಗೆದ್ದರೂ ಆಸೆ ಜೀವಂತ. ಮೊದಲು 48 ಗುಂಪು ಪಂದ್ಯಗಳಲ್ಲಿ 16 ತಂಡ ಹೊರಬೀಳುತ್ತಿದ್ದವು. ಈಗ 72 ಪಂದ್ಯ ಆಡಿಸಿದರೂ ಹೊರಬೀಳುವುದು ಅದೇ 16. ಮೇಲಾಗಿ ಕೊನೆಗೆ ಆಡುವ ಗುಂಪುಗಳಿಗೆ ಎಷ್ಟು ಅಂಕ ಸಾಕೆಂದು ಮೊದಲೇ ಗೊತ್ತಿರುತ್ತದೆ. 2016ರ ಯುರೋ ಕಪ್‌ನಲ್ಲಿ ಪೋರ್ಚುಗಲ್ ಗುಂಪಿನ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಮೂರನೇ ಸ್ಥಾನದಿಂದಲೇ ಹೋಗಿ ಚಾಂಪಿಯನ್ ಆದದ್ದು ಇಂಥ ನಿಯಮದ ಕೃಪೆಯಿಂದ. ಕ್ಲಬ್ ಆಟಕ್ಕೆ ಅಂಟಿದ ರೋಗ ದೇಶಗಳ ಆಟಕ್ಕೂ ತಗುಲಿದೆ ಎನ್ನದೆ ವಿಧಿಯಿಲ್ಲ.

ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಥೆಯೂ ಬೇರೆಯಲ್ಲ. 2023–24ರಲ್ಲಿ ಬೆಂಗಳೂರು ಎಫ್‌ಸಿ 12 ತಂಡಗಳಲ್ಲಿ 10ನೆಯದಾಯಿತು. ಕೆಳಗಿನ ಲೀಗಿಗೆ ಇಳಿಯುವ ನಿಯಮವೇ ಆಗ ಇಲ್ಲದ ಕಾರಣ ಅದಕ್ಕೆ ಏನೂ ಆಗಲಿಲ್ಲ. ಮರುವರ್ಷ ಅದೇ ತಂಡ ಫೈನಲ್ ತಲುಪಿ, ಕೋಲ್ಕತ್ತದಲ್ಲಿ ಹೆಚ್ಚುವರಿ ಅವಧಿಯವರೆಗೂ ಹೋರಾಡಿ ಮೋಹನ್ ಬಾಗಾನ್‌ಗೆ ಮಣಿಯಿತು. ಕಳೆದುಕೊಳ್ಳಲು ಏನಾದರೂ ಇದ್ದಾಗ ಕ್ಲಬ್ಬುಗಳೂ ಹೀಗೆಯೇ ಆಡುತ್ತವೆ.

ಪತ್ರಿಕೆಯ ಕ್ರೀಡಾಪುಟಕ್ಕೊಂದು ಕೋರಿಕೆ. ಚಾಂಪಿಯನ್ಸ್ ಲೀಗ್ ಅಂಕಪಟ್ಟಿ ಹಾಕುವಾಗ ಮೇಲಿನ ನಾಲ್ಕೈದು ತಂಡಗಳಿಗೇ ನಿಲ್ಲಿಸಬೇಡಿ. ಪೂರ್ತಿ 36 ಕೊಟ್ಟು, 8 ಮತ್ತು 24ನೇ ಸ್ಥಾನದ ಕೆಳಗೆ ಒಂದೊಂದು ಗೆರೆ ಎಳೆಯಿರಿ. ಯಾವ ಪಂದ್ಯಕ್ಕೆ ನಿದ್ದೆಗೆಡಬೇಕು, ಯಾವುದಕ್ಕೆ ಬೇಡ ಎಂಬುದು ಓದುಗರಿಗೆ ಆಗ ತಾನಾಗಿಯೇ ತಿಳಿಯುತ್ತದೆ.

– ಫುಟ್‌ಬಾಲ್ ಅಭಿಮಾನಿಗಳು, ಆಸ್ಟಿನ್ ಟೌನ್, ಬೆಂಗಳೂರು