ದೂರ ಆಮೇಲೆ, ಮೊದಲು ದಾರಿ

ಪ್ರೀತಿಯ ಮಗಳೇ,

ನಿನ್ನ ಚಿಕ್ಕಪ್ಪನ ಆಶೀರ್ವಾದಗಳು. ನೀನು ಕಳಿಸಿದ ಮೂರೂ ನಕ್ಷೆ ನೋಡಿದೆ. ಗುಡ್ಡಗಾಡಿನ ಹಳೇ ಊರುಗಳ ನಡುವೆ ಒಂದು ವಾರ ಸೈಕಲ್ ಮೇಲೆ ತಿರುಗಬೇಕು ಅನ್ನುವ ನಿನ್ನ ಆಸೆ ನನಗೆ ತುಂಬಾ ಹಿಡಿಸಿತು. ಮೂರರಲ್ಲಿ ಯಾವ ನಾಡಿಗೆ ಹೋಗಬೇಕು ಅನ್ನುವುದು ನಿನಗೇ ಬಿಟ್ಟದ್ದು. ಆದರೆ ಮೂರರಲ್ಲೂ ಒಂದೇ ತೊಂದರೆ ಕಾಣುತ್ತಿದೆ. ದಿನಕ್ಕೆ 90 ಕಿಲೋಮೀಟರ್ ಎಂದು ಮೊದಲೇ ಬರೆದುಕೊಂಡು, ಆಮೇಲೆ ಆ ಲೆಕ್ಕಕ್ಕೆ ಸರಿಯಾಗಿ ದಾರಿ ಹುಡುಕಿದ್ದೀಯ. ಹಾಗೆ ಮಾಡಬೇಡ. ಮೊದಲು ಗಲಾಟೆ ಇಲ್ಲದ ದಾರಿ ಹುಡುಕು. ಸಂಜೆಯೊಳಗೆ ಆ ದಾರಿಯಲ್ಲಿ ಎಷ್ಟು ಹೋಗಲು ಆಗುತ್ತದೋ ಅದೇ ಆ ದಿನದ ದೂರ.

ಫೋನಿಗೆ ಎರಡು ಊರಿನ ಹೆಸರು ಕೊಟ್ಟರೆ ಅದು ಸಾಮಾನ್ಯವಾಗಿ ಕಣಿವೆಯ ತಳಕ್ಕೇ ಇಳಿಸುತ್ತದೆ. ಗುಡ್ಡಗಾಡಿನಲ್ಲಿ ಸಮತಟ್ಟು ಜಾಗ ಅಂತ ಇರುವುದು ನದಿಯ ಪಕ್ಕದಲ್ಲಿ ಮಾತ್ರ. ಹೆದ್ದಾರಿ, ರೈಲು, ಲಾರಿ ಎಲ್ಲವೂ ಅಲ್ಲೇ. ಏರು ಕಡಿಮೆ, ನಿಜ. ಆದರೆ ಇಡೀ ದಿನ ಬೆನ್ನ ಹಿಂದಿನ ಲಾರಿ ಸದ್ದನ್ನೇ ಕೇಳಿಕೊಂಡು ಹೋಗಬೇಕು. ನೀನು ಹೋಗುತ್ತಿರುವುದು ಅದಕ್ಕಲ್ಲ, ಅಲ್ವಾ?

ಹಾಗಾದರೆ ಸುಮ್ಮನಿರುವ ರಸ್ತೆ ಎಲ್ಲಿರುತ್ತದೆ? ನದಿಯ ಆಚೆ ದಂಡೆ ನೋಡು. ಹೆದ್ದಾರಿ ಒಂದು ದಂಡೆ ಹಿಡಿದಿದ್ದರೆ, ಎಷ್ಟೋ ಕಡೆ ಇನ್ನೊಂದು ದಂಡೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ತೆಳು ಗೆರೆಯೊಂದು ಇರುತ್ತದೆ. ಬೈಪಾಸ್ ಆದ ಊರುಗಳನ್ನೂ ಗಮನಿಸು. ವಾಹನಗಳೆಲ್ಲ ಹೊರಗಿನಿಂದ ಹೋಗಿಬಿಡುವುದರಿಂದ ಊರೊಳಗಿನ ಹಳೇ ರಸ್ತೆ ಸೈಕಲ್‌ನವರಿಗೆ ಉಳಿಯುತ್ತದೆ. ಇವೆರಡಕ್ಕಿಂತ ನನಗೆ ಇಷ್ಟ ಗುಡ್ಡದ ನೆತ್ತಿಯ ದಾರಿ. ಸೇತುವೆಗಳಿಲ್ಲದ, ಕಣಿವೆಯೆಲ್ಲ ಕೆಸರಾಗಿದ್ದ ಕಾಲದಲ್ಲಿ ಜನ, ದನ, ಸರಕು ಎಲ್ಲ ನೆತ್ತಿಯ ಮೇಲೇ ಓಡಾಡುತ್ತಿದ್ದವು. ಅಲ್ಲಿ ನೆಲ ಒಣಗಿರುತ್ತಿತ್ತು, ದೂರದವರೆಗೂ ಕಾಣುತ್ತಿತ್ತು, ಹೊಳೆ ದಾಟುವ ಗೋಜಿರಲಿಲ್ಲ. ಒಮ್ಮೆ ಕಷ್ಟಪಟ್ಟು ಮೇಲೇರಿದರೆ ಬಹಳ ಹೊತ್ತು ಮೇಲೆಯೇ ಸಾಗಬಹುದು.

ರಸ್ತೆಯ ಆಕಾರ ನೋಡಿದರೆ ಅದನ್ನು ಯಾರಿಗಾಗಿ ಮಾಡಿದರು ಅನ್ನುವುದು ಸುಮಾರಾಗಿ ತಿಳಿಯುತ್ತದೆ. ರೋಮನ್ನರ ರಸ್ತೆಗಳು ಆದಷ್ಟು ನೇರ. ಕಾಲಾಳು ಸೈನ್ಯ ನಡೆಯಲು ಆದೀತು ಅಂದರೆ ಕಡಿದಾದ ಏರನ್ನೂ ಸುತ್ತು ಹಾಕದೆ ಹತ್ತುತ್ತವೆ. ಸೈಕಲ್‌ಗೆ ಅವು ಕಾಲು ಮುರಿಯುವ ದಾರಿ. ಕುದುರೆ ಗಾಡಿಗಾಗಿ ಮಾಡಿದ ರಸ್ತೆ ಹಾಗಲ್ಲ, ಅದು ಸುತ್ತಿ ಸುತ್ತಿ ಹತ್ತುತ್ತದೆ. ಆಲ್ಪ್ಸ್ ಪರ್ವತದ ಸ್ಟೆಲ್ವಿಯೋ ಘಾಟಿ ರಸ್ತೆಯನ್ನು ಆಸ್ಟ್ರಿಯಾ ಸಾಮ್ರಾಜ್ಯ 1820ರಿಂದ 1825ರೊಳಗೆ ಕಟ್ಟಿಸಿತು. ಅದರ ಉತ್ತರದ ಮಗ್ಗುಲಲ್ಲೇ 48 ಹಿಮ್ಮುರಿ ತಿರುವುಗಳಿವೆ. ಈಗ ಅಲ್ಲಿ ಮೋಟಾರ್‌ಬೈಕ್‌ಗಳ ಸಂತೆ, ಹಾಗಾಗಿ ನಿನಗೆ ಆ ದಾರಿ ಬೇಡ. ಆದರೆ ಅದೇ ಉಪಾಯದ ಚಿಕ್ಕ ಗಾಡಿ ರಸ್ತೆಗಳು ಹಳೇ ಗುಡ್ಡನಾಡುಗಳಲ್ಲಿ ಬೇಕಾದಷ್ಟಿವೆ. ನಕ್ಷೆಯಲ್ಲಿ ಗೆರೆ ಹಾವಿನ ಹಾಗೆ ಹೊರಳಿದ್ದರೆ ಹೆದರಬೇಡ, ಖುಷಿಪಡು. ನೇರವಾಗಿ ಮೇಲೇರುವ ಗೆರೆ ಕಂಡಾಗ ಹುಷಾರಾಗಿರು.

ಮೆದು ಕಲ್ಲಿನ ನಾಡುಗಳಲ್ಲಿ ಇನ್ನೊಂದು ಬಗೆಯ ದಾರಿ ಇದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಇಂಥವು ಹೆಚ್ಚು. ನೂರಾರು ವರ್ಷ ಗಾಡಿ ಚಕ್ರ, ದನಗಳ ಗೊರಸು, ಮಳೆನೀರು ಮೂರೂ ಸೇರಿ ಸವೆಸಿ ರಸ್ತೆಯೇ ಅಕ್ಕಪಕ್ಕದ ಹೊಲಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಎರಡೂ ಕಡೆ ಮಣ್ಣಿನ ಗೋಡೆ, ಮೇಲೆ ಮರಗಳ ಚಪ್ಪರ. ಅಂಥ ಕಡೆ ನೆಲ ಒದ್ದೆ, ಎಲೆ ಕೊಳೆತು ಜಾರುತ್ತದೆ. ಎದುರಿನಿಂದ ಟ್ರಾಕ್ಟರ್ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ನಿಧಾನವಾಗಿ, ಗಂಟೆ ಬಾರಿಸುತ್ತಾ ಹೋಗು. ಆದರೆ ತಪ್ಪಿಸಿಕೊಳ್ಳಬೇಡ.

ಕಾಂಟೂರ್ ಗೆರೆ, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ, ಎಣಿಸುವುದನ್ನು ಕಲಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಸಲೀಸು. ಎರಡು ಗೆರೆಗಳ ನಡುವೆ ಎಷ್ಟು ಮೀಟರ್ ಎತ್ತರ ಎನ್ನುವುದನ್ನು ಮೊದಲೇ ನೋಡಿಕೋ. ಮುದ್ರಿತ ನಕ್ಷೆಗಳಲ್ಲಿ ಕಡಿದಾದ ಏರಿಗೆ ಬಾಣದ ಗುರುತು ಹಾಕಿರುತ್ತಾರೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯ ನಕ್ಷೆಯಲ್ಲಿ ಒಂದು ಬಾಣ ಅಂದರೆ ಶೇಕಡಾ 14ರಿಂದ 20ರ ಏರು, ಎರಡು ಬಾಣ ಅಂದರೆ ಅದಕ್ಕೂ ಮೇಲೆ. ಅಲ್ಲಿ ಬಾಣದ ಮೊನೆ ಇಳಿಜಾರಿನ ಕಡೆಗೆ. ಫ್ರಾನ್ಸಿನ ಮಿಷೆಲಿನ್ ನಕ್ಷೆಯಲ್ಲಿ ಮೊನೆ ಏರುವ ಕಡೆಗೆ! ಇದು ಗೊತ್ತಿಲ್ಲದಿದ್ದರೆ ಇಡೀ ದಿನದ ಲೆಕ್ಕ ಉಲ್ಟಾ ಆಗುತ್ತದೆ. ನಕ್ಷೆಯ ಮೂಲೆಯಲ್ಲಿ ಗುರುತುಗಳ ಪಟ್ಟಿ ಇರುತ್ತದಲ್ಲ, ಅದನ್ನು ಓದದೆ ಗೆರೆ ಎಳೆಯಬೇಡ.

ಈಗ ನಿನ್ನ 90 ಕಿಲೋಮೀಟರ್ ವಿಷಯಕ್ಕೆ ಬರುತ್ತೇನೆ. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಆರು ಮೀಟರ್ ಮೇಲೇರಿದರೆ ಅದು ಶೇಕಡಾ 6ರ ಏರು. ನೀನು, ಸೈಕಲ್, ಸಾಮಾನು ಎಲ್ಲ ಸೇರಿ 90 ಕಿಲೋ ಅಂತಿಟ್ಟುಕೋ. ಇಡೀ ದಿನ ಸುಸ್ತಾಗದೆ ತುಳಿಯುವ ಶಕ್ತಿ 100 ವಾಟ್ ಅಂದುಕೊಂಡರೆ, ಆ ಏರಿನಲ್ಲಿ ಗಂಟೆಗೆ ಸುಮಾರು 6 ಕಿಲೋಮೀಟರ್ ಹೋಗುತ್ತೀಯ. ಬೇಗ ನಡೆಯುವವರ ವೇಗ ಅಷ್ಟೇ. ಏರು ಒಂದೇ ದೊಡ್ಡದಾಗಿರಬೇಕು ಅಂತಲೂ ಇಲ್ಲ. ಐವತ್ತು ಮೀಟರಿನ ಪುಟ್ಟ ದಿಬ್ಬ ಇಪ್ಪತ್ತು ಬಂದರೆ ಸಾವಿರ ಮೀಟರ್ ಹತ್ತಿದ ಹಾಗೆಯೇ. ಸಾಮಾನು ಹೊತ್ತ ಹೊಸಬರಿಗೆ ಒಂದು ದಿನಕ್ಕೆ ಅದೇ ಜಾಸ್ತಿ. ಮೊದಲ ಎರಡು ದಿನ 40–45 ಕಿಲೋಮೀಟರಿಗೇ ನಿಲ್ಲಿಸು. ಮಿಕ್ಕ ಹೊತ್ತು ಊರು ನೋಡಲು ಬೇಕು ತಾನೇ?

ಹಳೇ ಊರುಗಳ ಬಗ್ಗೆ ಇನ್ನೊಂದು ಮಾತು. ಶತ್ರುಗಳ ಭಯ ಇದ್ದ ಕಾಲದಲ್ಲಿ ಕಟ್ಟಿದ ಊರುಗಳು ಗುಡ್ಡದ ತುದಿಯಲ್ಲೇ ಇರುತ್ತವೆ. ಕ್ರೊಯೇಷಿಯಾದ ಇಸ್ಟ್ರಿಯಾದಲ್ಲಿ ಮೊಟೊವುನ್ ಅನ್ನುವ ಕೋಟೆ ಊರಿದೆ, ಮಿರ್ನಾ ನದಿಯ ಬಯಲಿನ ಪಕ್ಕದಲ್ಲೇ 270 ಮೀಟರಿಗೂ ಮೇಲೆ. ಇಂಥ ಊರಲ್ಲಿ ರಾತ್ರಿ ಉಳಿಯುವುದು ಅಂದರೆ ದಿನದ ಕೊನೆಗೆ, ಕಾಲು ಸೋತಿರುವಾಗಲೇ, ದೊಡ್ಡ ಏರು. ಅಲ್ಲಿ ಉಳಿಯಬೇಡ ಅನ್ನುತ್ತಿಲ್ಲ. ನೋಡಲು ಬಂದವರೆಲ್ಲ ಇಳಿದು ಹೋದ ಮೇಲೆ ಸಂಜೆ ಆ ಕೋಟೆ ಗೋಡೆಯ ಮೇಲೆ ನಿಲ್ಲುವ ಸುಖ ಬೇರೆ. ಅಂಥ ದಿನ ದೂರ ಕಡಿಮೆ ಇಟ್ಟುಕೋ, ಅಷ್ಟೇ.

ಮಧ್ಯೆ ಒಂದು ದಿನ ಕಾಲಿಗೆ ಬಿಡುವು ಬೇಕಾದರೆ ರೈಲು ನಿಂತುಹೋಗಿ ಸೈಕಲ್‌ಗೆ ಬಿಟ್ಟ ಹಳೇ ರೈಲು ದಾರಿ ಹುಡುಕು. ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ, ಹೆಚ್ಚಿನ ಕಡೆ ಶೇಕಡಾ 2–3ರ ಒಳಗೇ ಇರುತ್ತದೆ. ಸ್ಪೇನಿನಲ್ಲಿ 1993ರಿಂದ ಇಂಥ ದಾರಿಗಳನ್ನು ನಡೆಯುವವರಿಗೂ ಸೈಕಲ್‌ನವರಿಗೂ ಬಿಟ್ಟುಕೊಡುತ್ತಾ ಬಂದಿದ್ದಾರೆ. ಇಸ್ಟ್ರಿಯಾದಲ್ಲೇ ಪರೆಂಜಾನಾ ಇದೆ. 1902ರಿಂದ 1935ರವರೆಗೆ ಟ್ರಿಯೆಸ್ಟೆಯಿಂದ ಪೊರೆಚ್‌ಗೆ ಓಡುತ್ತಿದ್ದ ಚಿಕ್ಕ ರೈಲಿನ 123 ಕಿಲೋಮೀಟರ್ ದಾರಿ ಅದು. ಹಿಂದೆ ಒಂದೇ ಸಾಮ್ರಾಜ್ಯದೊಳಗಿದ್ದ ಈ ದಾರಿ ಈಗ ಇಟಲಿ, ಸ್ಲೊವೇನಿಯಾ, ಕ್ರೊಯೇಷಿಯಾ ಮೂರನ್ನೂ ಹಾಯುತ್ತದೆ. ಇಂಥ ದಾರಿಯಲ್ಲಿ ಸುರಂಗ ಬರುತ್ತದೆ. ಹಗಲಾದರೂ ದೀಪ ಇರಲಿ.

ಮಣ್ಣು ರಸ್ತೆ ಕಂಡು ಮುಖ ತಿರುಗಿಸಬೇಡ. ವಾಹನಗಳು ಬರದಿರಲು ಆ ಮಣ್ಣೇ ಕಾರಣ. ಇಟಲಿಯ ಕಿಯಾಂಟಿ ಗುಡ್ಡಗಳಲ್ಲಿ ಬಿಳಿ ಜಲ್ಲಿಯ ರಸ್ತೆಗಳಿವೆ. ಅವಕ್ಕೆ ಡಾಂಬರು ಬೀಳುವುದನ್ನು ತಪ್ಪಿಸಲು ಅಲ್ಲಿನವರು 1997ರಲ್ಲಿ ಗಾಯೊಲೆ ಊರಿನಿಂದ ಲೆರೊಯಿಕಾ ಅನ್ನುವ ಹಳೇ ಸೈಕಲ್‌ಗಳ ಸವಾರಿ ಶುರು ಮಾಡಿದರು. ಒಂದು ರಸ್ತೆಯನ್ನು ಹಾಗೆಯೇ ಉಳಿಸಿಕೊಳ್ಳಲು ಜನ ಇಷ್ಟು ಹಟ ಹಿಡಿದದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಇಂಥ ಕಡೆಗೆ 38–40 ಮಿಲಿಮೀಟರ್ ಅಗಲದ ಟೈರ್ ಹಾಕಿಸು. ಗಾಳಿ ತುಸು ಕಡಿಮೆ ಇರಲಿ.

ಗೇರ್ ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬೇಡ. ಮುಂದೆ ಪೆಡಲ್ ಹತ್ತಿರದ ಚಿಕ್ಕ ಹಲ್ಲುಚಕ್ರದ ಹಲ್ಲು ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರದ ಹಲ್ಲಿಗಿಂತ ಕಡಿಮೆ ಇರಲೇಬೇಕು. ಮುಂದೆ 26, ಹಿಂದೆ 34 ಇದ್ದರೆ ಒಳ್ಳೆಯದು. ಆಗ ಗಂಟೆಗೆ 6 ಕಿಲೋಮೀಟರ್ ವೇಗದಲ್ಲೂ ಪೆಡಲ್ ನಿಮಿಷಕ್ಕೆ ಅರವತ್ತು ಸುತ್ತು ತಿರುಗುತ್ತದೆ, ಮಂಡಿ ಉಳಿಯುತ್ತದೆ. ಹಗುರ ಗೇರ್ ಹಾಕಿದರೆ ನಾಚಿಕೆ ಅಂತ ಯಾರಾದರೂ ಅಂದರೆ ಕಿವಿಗೊಡಬೇಡ. ಗೇರ್ ಬದಲಿಸುವ ಡೆರೆಯಿಲರ್ ಅನ್ನು ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದವರು 1937ರವರೆಗೆ ಬಿಟ್ಟುಕೊಂಡಿರಲಿಲ್ಲ. ಅದಕ್ಕೂ ಎಷ್ಟೋ ವರ್ಷ ಮೊದಲೇ ಫ್ರಾನ್ಸಿನ ಸೇಂಟ್ ಎಟಿಯೆನ್ ಊರಿನ ಪೌಲ್ ಡಿ ವಿವಿ, ಜನ ವೆಲೋಸಿಯೋ ಅಂತ ಕರೆಯುತ್ತಿದ್ದವರು, ಊರ ಪಕ್ಕದ ಗುಡ್ಡಗಳನ್ನು ಹಲವು ಗೇರ್ ಹಾಕಿಕೊಂಡು ಹತ್ತಿ ತೋರಿಸಿದ್ದರು. 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ ಅವರು ದೂರಪ್ರಯಾಣದವರಿಗೆ ಹೇಳಿದ್ದು ಈಗಲೂ ಸರಿ: ಹಸಿವಾಗುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ, ಮೊದಲ ಗಂಟೆಗಳಲ್ಲಿ ಮೈಯಲ್ಲಿ ಕಸುವಿದೆ ಅಂತ ಹೆಚ್ಚು ತುಳಿಯಬೇಡ, ಬರೀ ಹೆಚ್ಚುಗಾರಿಕೆಗಾಗಿ ಯಾವತ್ತೂ ತುಳಿಯಬೇಡ. ಆಗದಿದ್ದ ಕಡೆ ಇಳಿದು ತಳ್ಳು.

ಏರಿಗಿಂತ ನನಗೆ ನಿನ್ನ ಇಳಿಜಾರಿನ ಚಿಂತೆ. ಹೊರೆ ಇದ್ದ ಸೈಕಲ್ ಬೇಗ ನಿಲ್ಲುವುದಿಲ್ಲ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇರಬೇಡ. ರಿಮ್ ಕಾದು ಟ್ಯೂಬ್ ಒಡೆಯಬಹುದು, ಡಿಸ್ಕ್ ಬ್ರೇಕ್ ಆದರೂ ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿ, ವೇಗ ಇಳಿದ ಮೇಲೆ ಬಿಡು. ನಡುವೆ ನಿಂತು ಆರಲು ಬಿಡು. ಮೇಲೆ ತಲುಪಿದ ಕೂಡಲೇ, ಬೆವರು ಆರುವ ಮೊದಲೇ ಜಾಕೆಟ್ ಹಾಕಿಕೋ. ಹಳ್ಳಿ ರಸ್ತೆಯ ತಿರುವಿನ ಆಚೆ ಕುರಿ ಇರಬಹುದು, ಜಲ್ಲಿ ಚೆಲ್ಲಿರಬಹುದು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗವೇ ಸರಿಯಾದ ವೇಗ.

ವಾಹನ ಇಲ್ಲದ ದಾರಿಯಲ್ಲಿ ಸಹಾಯವೂ ದೂರವೇ. ಎರಡು ಟ್ಯೂಬ್, ಪಂಪ್, ಚೈನ್ ಜೋಡಿಸುವ ಕೊಂಡಿ, ನಕ್ಷೆಯ ಕಾಗದದ ಪ್ರತಿ ಜೊತೆಗಿರಲಿ. ಹೊರಡುವ ಮೊದಲು ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಮಾಡಿ ಕಲಿ. ಪ್ರತಿ ಬೆಳಿಗ್ಗೆ ಆ ದಿನದ ದಾರಿಯನ್ನು ನನಗೊಂದು ಸಾಲಿನಲ್ಲಿ ತಿಳಿಸು. ಹೊಲದ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚು. ಕಿವಿಗೆ ಹಾಡು ಹಾಕಿಕೊಳ್ಳಬೇಡ. ಹಿಂದೆ ಬರುವ ಗಾಡಿ ಕೇಳಿಸುವುದಿಲ್ಲ, ಹಕ್ಕಿಯೂ ಕೇಳಿಸುವುದಿಲ್ಲ.

ಮೂರರಲ್ಲಿ ಒಂದನ್ನು ಆರಿಸಿ ಹೊಸದಾಗಿ ಗೆರೆ ಎಳೆದು ಕಳಿಸು. ಪ್ರತಿ ದಿನದ ಏರಿನ ಮೀಟರ್ ಲೆಕ್ಕ ಪಕ್ಕದಲ್ಲಿ ಬರೆದಿರಬೇಕು. ನಿನ್ನ ಸೈಕಲ್‌ನ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು ಅಂತಲೂ ಎಣಿಸಿ ಹೇಳು. ಕಡಿಮೆ ಇದ್ದರೆ ಹೊರಡುವ ಮೊದಲೇ ಬದಲಿಸೋಣ.

ನಿನ್ನ ಚಿಕ್ಕಪ್ಪ