ಚಿಲ್ಕಾಕ್ಕೆ ಹೊರಟವನಿಗೆ

ದಾವಣಗೆರೆ, ಸೋಮವಾರ

ಚಿರಂಜೀವಿಗೆ ಅಜ್ಜನ ಆಶೀರ್ವಾದಗಳು.

ನೌಕಾಪಡೆಯ ತರಬೇತಿಗೆ ಒಡಿಶಾದ ಚಿಲ್ಕಾದಿಂದ ಆರ್ಡರ್ ಬಂತಂತೆ. ನಿಮ್ಮಮ್ಮ ಫೋನ್ ಮಾಡಿ, ‘ನೀನಾದ್ರೂ ಬೇಡ ಅನ್ನು ಮಾವ’ ಅಂತ ಅತ್ತಳು. ನಾನು ಬೇಡ ಅನ್ನುವುದಿಲ್ಲ. ಆದರೆ ನಮ್ಮಣ್ಣ ನಿನಗೆ ಗೋಡೆಯ ಮೇಲಿನ ಫೋಟೊ ಅಷ್ಟೇ. ಉಳಿದದ್ದನ್ನೂ ಕೇಳಿಕೊಂಡು ಹೋಗು.

ಅಪ್ಪ ಹತ್ತಿ ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿದ್ದ. ಅಣ್ಣ ಅಲ್ಲೇ ಬಾಯ್ಲರಿಗೆ ಬದಲಿ ಕೆಲಸಕ್ಕೆ ಹೋಗುತ್ತಿದ್ದ. ನೌಕಾಪಡೆ ಸೇರಿದ ಮೇಲೂ ಅವನ ಪಾಲಿಗೆ ಬಂದದ್ದು ಬಾಯ್ಲರೇ. ರಜೆಗೆ ಬಂದಾಗ ಸಮುದ್ರ ಹೆಂಗೈತಿ ಅಂತ ಕೇಳಿದರೆ, ‘ಯಾರಿಗ್ಗೊತ್ತು? ನಾನಿರೋದು ಕೆಳಗೆ, ಬರೀ ಸೆಕೆ’ ಅಂತ ನಗುತ್ತಿದ್ದ.

1971ರ ಡಿಸೆಂಬರ್ 9ರ ರಾತ್ರಿ, ದಿಯು ಆಚೆ, ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಬಿಟ್ಟ ಟಾರ್ಪಿಡೊ ಅವನಿದ್ದ ಖುಕ್ರಿ ಹಡಗಿಗೆ ಬಡಿಯಿತು. ಕೆಲವೇ ನಿಮಿಷ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನು ನಾವಿಕನೊಬ್ಬನಿಗೆ ಕೊಟ್ಟು ಹಡಗಿನ ಜೊತೆಗೇ ಮುಳುಗಿದರು. ಅವರಿಗೆ ಮಹಾವೀರ ಚಕ್ರ ಬಂತು, ಬರಬೇಕಾದದ್ದೇ. ನನಗೆ ರಾತ್ರಿ ನಿದ್ದೆಗೆಡಿಸುವುದು ಮಾತ್ರ ಆ 176. ಕೆಳಗಿದ್ದವರಿಗೆ ಏಣಿ ಹತ್ತುವಷ್ಟಾದರೂ ಹೊತ್ತು ಸಿಕ್ಕಿತೋ ಇಲ್ಲವೋ.

ಬದುಕಿ ಬಂದವರೂ ಇದ್ದರು. ಅವರನ್ನು ಕೇಳೋಣವೆಂದರೆ ಅಣ್ಣನ ಜೊತೆಗಾರರ ಒಂದು ಹೆಸರೂ ನಮಗೆ ಗೊತ್ತಿರಲಿಲ್ಲ. ಅವನ ಕಾಗದದಲ್ಲೆಲ್ಲ ‘ನಾನು ಕ್ಷೇಮ, ಮನಿಯಾರ್ಡರ್ ಕಳಿಸಿದ್ದೇನೆ’, ಮುಗೀತು. ನೀನು ಹಾಗೆ ಮಾಡಬೇಡಪ್ಪ. ಪಕ್ಕದ ಮಂಚದವನು ಯಾವ ಊರಿನವನು, ಯಾರ ಗೊರಕೆ ಜೋರು, ಇವತ್ತಿನ ಸಾರಿಗೆ ಉಪ್ಪಿತ್ತೋ ಇಲ್ಲವೋ, ಎಲ್ಲ ಹೇಳು. ನಿಮ್ಮಮ್ಮನಿಗೆ ಬೇಕಾದದ್ದು ಅದು.

ನಮ್ಮಲ್ಲಿ ಮಣ್ಣಿಗಿಡುವ ಪದ್ಧತಿ. ಇಡಲು ದೇಹವೇ ಇಲ್ಲ. ಅವ್ವ ಎಷ್ಟೋ ವರ್ಷ ಎಡೆ ಇಡಲು ಒಪ್ಪಲಿಲ್ಲ. ಕೊನೆಗೊಂದು ಮಹಾಲಯ ಅಮಾವಾಸ್ಯೆಗೆ ತಾನೇ ‘ಸೂಳೆಕೆರೆಗೆ ಕರ್ಕೊಂಡು ಹೋಗು’ ಅಂದಳು. ಅವಳು ಕಂಡ ದೊಡ್ಡ ನೀರು ಅದೊಂದೇ. ಹೂವು ಬಿಟ್ಟು, ‘ಇದು ಅವನ ಹತ್ರ ಹೋಗ್ತದೇನೋ?’ ಅಂದಳು. ಸೂಳೆಕೆರೆ ನೀರು ಹರಿದ್ರಾ ಹಳ್ಳವಾಗಿ ಹರಿಹರದಲ್ಲಿ ತುಂಗಭದ್ರೆಗೆ ಸೇರಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಣ್ಣ ಇರುವುದು ಅರಬ್ಬಿ ಸಮುದ್ರದಲ್ಲಿ. ‘ಹೋಗ್ತದವ್ವ’ ಅಂದೆ.

ಇನ್ನೊಂದು. ಅಣ್ಣ ಹೋದ ಮೇಲೆ ಬರಬೇಕಾದ ಹಣಕ್ಕೆ ಓಡಾಡುವಾಗ ನೋಡಿದರೆ, ಅವ್ವನ ಹೆಸರು ಒಂದು ದಾಖಲೆಯಲ್ಲಿ ‘ಅವ್ವ’ ಅಂತ ಮುಗಿದರೆ ಇನ್ನೊಂದರಲ್ಲಿ ‘ಅಮ್ಮ’ ಅಂತ. ಇಬ್ಬರೂ ಒಬ್ಬಳೇ ಎಂದು ಒಪ್ಪಿಸಲು ಅಪ್ಪ ಎಷ್ಟು ಹಗಲಿನ ಕೂಲಿ ಕಳೆದುಕೊಂಡನೋ! ನಾಮಿನಿ ಫಾರಂ ಅಂದರೆ ಅಪಶಕುನ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ಮಂಡಕ್ಕಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಟ್ಟಿದ್ದೇನೆ. ಶುಕ್ರವಾರ ಬಾ. ಬರುವಾಗ ನಿಮ್ಮಮ್ಮನ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ತಾ. ಹೆಸರಿನ ಅಕ್ಷರ ಅಕ್ಷರ ಕೂತು ನೋಡೋಣ. ನನ್ನ ಕನ್ನಡಕ ರಿಪೇರಿಯಾಗಿದೆ.

ಇಂತಿ,
ನಿನ್ನ ಅಜ್ಜ