ಹಳೆಯ ಮೆಟ್ಟಿಲುಗಳಿಗೆ ಬಡಿದ ಬೋಲ್ಟುಗಳನ್ನು ತೆಗೆಸುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ನದಿತೀರದ ಉದ್ಯಾನದ ದೋಣಿವಿಹಾರ ಗುತ್ತಿಗೆ ಸಂಸ್ಥೆ

ಮಾನ್ಯರೇ,

ಕಳೆದ ಭಾನುವಾರ ಮನೆಯವರೊಂದಿಗೆ ಉದ್ಯಾನಕ್ಕೆ ಬಂದಿದ್ದೆ. ನದಿಗಿಳಿಯುವ ಪುರಾತನ ಕಲ್ಲಿನ ಮೆಟ್ಟಿಲುಗಳನ್ನು ಕೊರೆದು ಕಬ್ಬಿಣದ ಬೋಲ್ಟು ಕೂರಿಸಿ, ದೋಣಿಗಳ ಸರಪಳಿಯನ್ನು ಅವಕ್ಕೆ ಬಿಗಿದಿದ್ದೀರಿ. ಬೋಲ್ಟುಗಳ ಸುತ್ತ ಆಗಲೇ ತುಕ್ಕಿನ ಕಲೆ ಇಳಿದಿದೆ, ಎರಡು ಕಡೆ ಕಲ್ಲು ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ನೋಡಿ ಹೊಟ್ಟೆ ಉರಿಯಿತು. ಜನ ಅಷ್ಟು ದೂರದಿಂದ ಬರುವುದೇ ಆ ಮೆಟ್ಟಿಲುಗಳನ್ನು ನೋಡಲು.

ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಜಾಗ ಸಾಲದೆ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಗ್ರೀಸ್ ದೇಶದ ಅಥೆನ್ಸಿನಲ್ಲಿರುವ ಪುರಾತನ ದೇವಾಲಯ ಪಾರ್ಥೆನಾನ್‌ನಲ್ಲಿ ಆದದ್ದೂ ಇದೇ. ಅದನ್ನು ಕಟ್ಟಿದವರು ಕಬ್ಬಿಣದ ಕೊಂಡಿಗಳ ಸುತ್ತ ಸೀಸ ಹೊಯ್ದು ನೀರು ತಾಗದಂತೆ ನೋಡಿಕೊಂಡಿದ್ದರು. 20ನೆಯ ಶತಮಾನದ ಆರಂಭದಲ್ಲಿ ದುರಸ್ತಿ ಮಾಡಿದವರು ಆ ಎಚ್ಚರ ವಹಿಸಲಿಲ್ಲ, ಅಮೃತಶಿಲೆ ಒಡೆಯಿತು. 1975ರಲ್ಲಿ ಸಂರಕ್ಷಣಾ ಸಮಿತಿ ರಚನೆಯಾದ ಮೇಲೆ ಆ ಕಬ್ಬಿಣ ತೆಗೆದು ತುಕ್ಕು ಹಿಡಿಯದ ಟೈಟಾನಿಯಂ ಲೋಹ ಕೂರಿಸಲು ದಶಕಗಳೇ ಹಿಡಿದವು. ನಿಮ್ಮ ಬೋಲ್ಟುಗಳಂತೂ ದಿನವೂ ನೆನೆದು ಒಣಗುವ ನೀರಿನ ಅಂಚಿನಲ್ಲಿವೆ.

ಬಿರುಕು ತೋರಿಸಿದಾಗ ನಿಮ್ಮ ಸಿಬ್ಬಂದಿ, "ಸಿಮೆಂಟ್ ಮೆತ್ತಿಸ್ತೀವಿ ಬಿಡಿ ಸಾರ್" ಎಂದರು. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಗಟ್ಟಿ ಸಿಮೆಂಟ್ ಬಿಡುವುದಿಲ್ಲ. ಆ ತೇವ ಪಕ್ಕದ ಕಲ್ಲಿಗೆ ಹೋಗಿ, ಅದರೊಳಗಿನ ಉಪ್ಪು ಹರಳುಗಟ್ಟಿ, ಕಲ್ಲಿನ ಮೈ ಪುಡಿಪುಡಿಯಾಗಿ ಉದುರುತ್ತದೆ.

ಇನ್ನು ಲೈಫ್ ಜಾಕೆಟ್. ನನ್ನ ಮಗಳಿಗೆ ಕೊಟ್ಟದ್ದು ದೊಡ್ಡವರ ಅಳತೆಯದು. ಪಟ್ಟಿಗಳನ್ನೆಲ್ಲ ಬಿಗಿದ ಮೇಲೂ ಭುಜದ ಬಳಿ ಹಿಡಿದೆತ್ತಿದರೆ ಕಿವಿಯವರೆಗೆ ಬರುತ್ತಿತ್ತು. ನೀರಿಗೆ ಬಿದ್ದರೆ ಅಂಥ ಜಾಕೆಟ್ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ನಾವು ದೋಣಿ ಹತ್ತಲಿಲ್ಲ. ಕೌಂಟರಿನಲ್ಲಿ ಹಣ ವಾಪಸ್ ಕೊಡಲೂ ಒಪ್ಪಲಿಲ್ಲ.

ಸರಪಳಿಗಳನ್ನು ಇಂದೇ ಬಿಚ್ಚಿಸಿ. ತೇಲುವ ಜೆಟ್ಟಿಯನ್ನು ನದಿಯ ತಳದ ಲಂಗರಿಗೆ ಕಟ್ಟಿದರೆ ಮೆಟ್ಟಿಲುಗಳನ್ನು ಮುಟ್ಟದೆಯೇ ದೋಣಿ ನಡೆಸಬಹುದು. ಬೋಲ್ಟು ಕೀಳಲು ನಿಮ್ಮ ಕೆಲಸಗಾರರ ಕೈಗೆ ಸುತ್ತಿಗೆ ಕೊಡಬೇಡಿ, ಸ್ಮಾರಕ ಸಂರಕ್ಷಣೆ ಬಲ್ಲವರನ್ನೇ ಕರೆಸಿ. ರಂಧ್ರಗಳನ್ನು ಹೇಗೆ ಮುಚ್ಚಬೇಕೆಂದು ಅವರೇ ಹೇಳಲಿ. ಮಕ್ಕಳ ಅಳತೆಯ ಜಾಕೆಟ್ ತರಿಸುವವರೆಗೆ ಮಕ್ಕಳನ್ನು ದೋಣಿಗೆ ಹತ್ತಿಸಬೇಡಿ. ನಮ್ಮ ಟಿಕೆಟ್ ಹಣವನ್ನೂ ಹಿಂದಿರುಗಿಸಿ.

ಫೋಟೋಗಳನ್ನು ಲಗತ್ತಿಸಿದ್ದೇನೆ. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ನಿಮಗೆ ಗುತ್ತಿಗೆ ಕೊಟ್ಟ ಇಲಾಖೆಗೆ ಇದೇ ಪತ್ರವನ್ನು ಕಳುಹಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಉದ್ಯಾನದ ಸಂದರ್ಶಕ